ಸ್ಪೀಡ್ ಇದ್ದರೂ ತಡ ಯಾಕೆ? ಮನೆಯ ಇಂಟರ್ನೆಟ್‌ನಲ್ಲಿ ಲೇಟೆನ್ಸಿ ಎಲ್ಲಿ ಹುಟ್ಟುತ್ತಿದೆ ಅಂತ ಹುಡುಕುವ ಬಗೆ

ವಿಡಿಯೋ ಕಾಲ್‌ನಲ್ಲಿ ನೀವು ಮಾತು ಮುಗಿಸುತ್ತೀರಿ. ಆ ಕಡೆಯವರು ಒಂದು ಕ್ಷಣ ಸುಮ್ಮನಿರುತ್ತಾರೆ. ಕೇಳಿಸಲಿಲ್ಲವೇನೋ ಅಂತ ನೀವು ಮತ್ತೆ ಶುರು ಮಾಡುತ್ತೀರಿ. ಅಷ್ಟರಲ್ಲಿ ಅವರೂ ಶುರು ಮಾಡಿರುತ್ತಾರೆ. ಇಬ್ಬರೂ "ಹೇಳಿ, ಹೇಳಿ" ಅನ್ನುತ್ತಾ ನಿಲ್ಲುತ್ತೀರಿ. ಸ್ಪೀಡ್ ಟೆಸ್ಟ್ ಮಾಡಿದರೆ ಮಾತ್ರ 100 ಎಂಬಿಪಿಎಸ್ ತೋರಿಸುತ್ತದೆ.

ಸ್ಪೀಡ್ ಬೇರೆ, ತಡ ಬೇರೆ. ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೊಳ್ಳಿ. ಕೊಡ ದೊಡ್ಡದಿದ್ದರೆ ಒಂದೊಂದು ಸಲಕ್ಕೂ ಜಾಸ್ತಿ ನೀರು ಬರುತ್ತದೆ. ಆದರೆ ಕೊಡ ಕೆಳಗಿಳಿದು ಮೇಲೆ ಬರಲು ಹಿಡಿಯುವ ಹೊತ್ತು ಬಾವಿಯ ಆಳಕ್ಕೆ ಬಿಟ್ಟಿದ್ದು. ದೊಡ್ಡ ಕೊಡ ತಂದ ಮಾತ್ರಕ್ಕೆ ಬಾವಿಯ ಆಳ ಕಡಿಮೆ ಆಗುವುದಿಲ್ಲ ಅಲ್ವಾ? ಎಂಬಿಪಿಎಸ್ ಅನ್ನುವುದು ಕೊಡದ ಅಳತೆ. ಲೇಟೆನ್ಸಿ ಅನ್ನುವುದು ಒಂದು ಸಲ ಹೋಗಿ ಬರಲು ಹಿಡಿಯುವ ಹೊತ್ತು. ಅದನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಅಳೆಯುತ್ತಾರೆ. ಸಾವಿರ ಮಿಲಿಸೆಕೆಂಡ್ ಸೇರಿದರೆ ಒಂದು ಸೆಕೆಂಡ್.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಕಾಲ್ ತಡವರಿಸಿದಾಗ ತುಂಬಾ ಜನ ಮೊದಲು ಮಾಡುವ ಕೆಲಸ ದೊಡ್ಡ ಪ್ಲಾನ್‌ಗೆ ಹೋಗುವುದು. ಎಷ್ಟೋ ಸಲ ದುಡ್ಡು ಹೋಗುತ್ತದೆ, ತಡ ಹಾಗೇ ಉಳಿಯುತ್ತದೆ. ತಡ ಸಾಮಾನ್ಯವಾಗಿ ನಾಲ್ಕು ಜಾಗದಲ್ಲಿ ಹುಟ್ಟುತ್ತದೆ: ನಿಮ್ಮ ಫೋನ್ ಅಥವಾ ಲ್ಯಾಪ್‌ಟಾಪ್‌ನಿಂದ ರೂಟರ್‌ವರೆಗಿನ ವೈಫೈ, ರೂಟರ್‌ನ ಬಳಿ ನಿಲ್ಲುವ ಕ್ಯೂ, ಮನೆಯಿಂದ ಹೊರಗಿನ ಲೈನ್, ಮತ್ತು ಬರೀ ದೂರ. ಯಾವ ಜಾಗ ಅಂತ ಗೊತ್ತಾಗದೆ ಏನನ್ನೂ ಕೊಳ್ಳಬೇಡಿ, ಏನನ್ನೂ ಬದಲಿಸಬೇಡಿ.

## ಯಾವ ಲಕ್ಷಣವಿದ್ದರೂ ಮೊದಲು ಇದು: ಮೂರು ಕಡೆಗೆ ಪಿಂಗ್

ಪಿಂಗ್ ಒಂದು ಸಣ್ಣ ಪ್ರೋಗ್ರಾಂ. 1983ರ ಡಿಸೆಂಬರ್‌ನಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ಎಂಜಿನಿಯರ್ ಅದನ್ನು ಬರೆದರು. ಜಲಾಂತರ್ಗಾಮಿಗಳ ಸೋನಾರ್ ಸದ್ದಿನಿಂದ ಅದಕ್ಕೆ ಆ ಹೆಸರು ಬಂತು. ಒಂದು ಸದ್ದು ಕಳಿಸುವುದು, ಮಾರ್ದನಿ ಬರಲು ಎಷ್ಟು ಹೊತ್ತಾಯಿತು ಅಂತ ನೋಡುವುದು. ಅದು ಮಾಡುವ ಕೆಲಸ ಅಷ್ಟೇ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅದು ಮೊದಲೇ ಇರುತ್ತದೆ. ಫೋನ್‌ನಲ್ಲಾದರೆ ಪಿಂಗ್ ಮಾಡುವ ಉಚಿತ ಆ್ಯಪ್‌ಗಳು ಸಿಗುತ್ತವೆ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಪಿ, ಐ, ಎನ್, ಜಿ ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ವಿಳಾಸ ಹಾಕಿ. ವಿಂಡೋಸ್ ಪಿಂಗ್ ನಾಲ್ಕೇ ಸಲ ಕಳಿಸಿ ನಿಂತುಬಿಡುತ್ತದೆ. ಅಷ್ಟು ಸಾಲದು. ಕೊನೆಗೆ ಒಂದು ಹೈಫನ್ ಮತ್ತು ಟಿ ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವ ತನಕ ನಡೆಯುತ್ತದೆ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ನಿಲ್ಲುತ್ತದೆ. ಪ್ರತಿ ಕಡೆಗೂ ಎರಡು ಮೂರು ನಿಮಿಷ ಓಡಿಸಿ.

ಮೊದಲನೆಯ ಪಿಂಗ್ ನಿಮ್ಮ ರೂಟರ್‌ಗೇ. ಅದರ ವಿಳಾಸ ಹೆಚ್ಚಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ. ಖಚಿತವಾಗಿ ತಿಳಿಯಲು ವೈಫೈ ಸೆಟ್ಟಿಂಗ್ಸ್‌ನಲ್ಲಿ ಗೇಟ್‌ವೇ ಅಂತ ಇರುವ ಸಾಲು ನೋಡಿ.

ಎರಡನೆಯದು ಹೊರಗಿನ ಯಾವುದಾದರೂ ದೊಡ್ಡ ವಿಳಾಸಕ್ಕೆ. 8.8.8.8 ಗೂಗಲ್‌ನದು, 1.1.1.1 ಕ್ಲೌಡ್‌ಫ್ಲೇರ್‌ನದು. ಎರಡಕ್ಕೂ ಜಗತ್ತಿನ ಬೇರೆ ಬೇರೆ ಕಡೆ ಸರ್ವರ್‌ಗಳಿವೆ. ಹಾಗಾಗಿ ಸಾಮಾನ್ಯವಾಗಿ ನಿಮಗೆ ಹತ್ತಿರದ್ದೇ ಉತ್ತರ ಕೊಡುತ್ತದೆ.

ಮೂರನೆಯದೂ ಅದೇ ಹೊರಗಿನ ವಿಳಾಸಕ್ಕೆ. ಆದರೆ ಈ ಸಲ ಲೈನ್‌ಗೆ ಭಾರ ಹಾಕಿ ನೋಡಬೇಕು. ಪಿಂಗ್ ಓಡುತ್ತಿರುವಾಗಲೇ ಇನ್ನೊಂದು ಕಡೆ ಸ್ಪೀಡ್ ಟೆಸ್ಟ್ ಹಚ್ಚಿ. ಡೌನ್‌ಲೋಡ್ ನಡೆಯುವಾಗ ಅಂಕಿ ಎಷ್ಟಕ್ಕೆ ಏರಿತು, ಅಪ್‌ಲೋಡ್ ನಡೆಯುವಾಗ ಎಷ್ಟಕ್ಕೆ ಏರಿತು ಅಂತ ಬರೆದುಕೊಳ್ಳಿ.

ಇನ್ನು ಅಂಕಿಗಳನ್ನು ಓದುವುದು. ಲ್ಯಾನ್ ಕೇಬಲ್ ಹಾಕಿದ ಕಂಪ್ಯೂಟರ್‌ನಿಂದ ರೂಟರ್‌ಗೆ 1 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಒಳ್ಳೆಯ ವೈಫೈ ಆದರೆ 2ರಿಂದ 5. ಮನೆಗೆ ಫೈಬರ್ ಲೈನ್ ಇದ್ದು ಹತ್ತಿರದಲ್ಲೇ ಸರ್ವರ್ ಇದ್ದರೆ ಹೊರಗಿನ ಪಿಂಗ್ 5ರಿಂದ 30ರ ನಡುವೆ ಇರುತ್ತದೆ. ಮೊಬೈಲ್ ನೆಟ್‌ನಲ್ಲಿ ಇದಕ್ಕಿಂತ ಜಾಸ್ತಿ ಇರುವುದು, ಏರಿಳಿಯುವುದು ಎರಡೂ ಸಹಜ.

ಸರಾಸರಿ ಒಂದನ್ನೇ ನೋಡಿ ಸಮಾಧಾನ ಪಡಬೇಡಿ. ಸರಾಸರಿ 25 ಇದ್ದು ನಡುನಡುವೆ 400 ಬರುತ್ತಿದ್ದರೆ ಕಾಲ್ ಕೆಡುತ್ತದೆ. ಈ ಏರಿಳಿತಕ್ಕೆ ಜಿಟರ್ ಅನ್ನುತ್ತಾರೆ. ಸದಾ 60 ಇರುವ ಲೈನ್‌ನಲ್ಲಿ ಮಾತಾಡಬಹುದು. 20ರಿಂದ 300ಕ್ಕೆ ಜಿಗಿಯುತ್ತಿರುವ ಲೈನ್‌ನಲ್ಲಿ ಆಗುವುದಿಲ್ಲ. ನೆಟ್‌ನಲ್ಲಿ ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಹೋಗುತ್ತದೆ. ಇನ್ನೊಂದು ನೋಡಬೇಕಾದ್ದು ಪ್ಯಾಕೆಟ್ ಲಾಸ್, ಅಂದರೆ ಉತ್ತರವೇ ಬಾರದ ಪಿಂಗ್‌ಗಳು. ನೂರಕ್ಕೆ ಒಂದೆರಡು ಕಳೆದುಹೋದರೂ ಗೇಮ್ ಮತ್ತು ಕಾಲ್‌ನಲ್ಲಿ ಅದು ಗೊತ್ತಾಗುತ್ತದೆ.

ರೂಟರ್‌ಗೇ ಪಿಂಗ್ ಕೆಟ್ಟದಾಗಿದ್ದರೆ ದೋಷ ಮನೆಯೊಳಗಿನ ವೈಫೈನಲ್ಲಿದೆ. ರೂಟರ್‌ಗೆ ಸರಿ ಇದ್ದು ಭಾರ ಹಾಕಿದಾಗ ಮಾತ್ರ ಹೊರಗಿನದು ಏರಿದರೆ ಅದು ಕ್ಯೂ. ಯಾರೂ ಬಳಸದಿದ್ದಾಗಲೂ ಹೊರಗಿನದು ಕೆಟ್ಟಿದ್ದರೆ ಲೈನ್. ಮೂರೂ ಚೆನ್ನಾಗಿದ್ದರೆ ದೂರ, ಇಲ್ಲವೇ ನಿಮ್ಮ ಕೈಯಲ್ಲಿರುವ ಸಾಧನ.

## "ತುಟಿಗೂ ದನಿಗೂ ಹೊಂದುವುದಿಲ್ಲ, ಪಿಂಗ್ ಮಾತ್ರ ಚೆನ್ನಾಗಿದೆ"

ಇದನ್ನು ಬೇಗ ಮುಗಿಸಿಬಿಡೋಣ. ನೀವು ಬ್ಲೂಟೂತ್ ಇಯರ್‌ಫೋನ್ ಹಾಕಿದ್ದೀರಾ? ಸಾಮಾನ್ಯ ಬ್ಲೂಟೂತ್‌ನಲ್ಲಿ ದನಿ ಕಿವಿಗೆ ಬರುವಾಗಲೇ 100ರಿಂದ 200 ಮಿಲಿಸೆಕೆಂಡ್ ತಡ ಸೇರಬಹುದು. ತಂತಿಯ ಇಯರ್‌ಫೋನ್ ಹಾಕಿ ನೋಡಿ. ಟಿವಿಯಲ್ಲಿ ಗೇಮ್ ಆಡುವವರು ಟಿವಿಯ ಗೇಮ್ ಮೋಡ್ ಆನ್ ಮಾಡಿ ನೋಡಿ. ಚಿತ್ರವನ್ನು ಚಂದ ಮಾಡಲು ಟಿವಿ ಮಾಡುವ ಕೆಲಸವೂ ತಡ ಸೇರಿಸುತ್ತದೆ. ಇವೆರಡಕ್ಕೂ ಇಂಟರ್ನೆಟ್‌ಗೂ ಸಂಬಂಧವೇ ಇಲ್ಲ.

## "ರೂಟರ್ ಹತ್ತಿರ ಕೂತರೆ ಸರಿ, ಒಳಗಿನ ಕೋಣೆಗೆ ಹೋದರೆ ಒದ್ದಾಟ"

ಇದು ವೈಫೈ. ಖಚಿತಪಡಿಸಿಕೊಳ್ಳಲು ಒಂದು ಲ್ಯಾನ್ ಕೇಬಲ್ ಸಾಕು. ಲ್ಯಾಪ್‌ಟಾಪನ್ನು ನೇರವಾಗಿ ರೂಟರ್‌ಗೆ ಸಿಕ್ಕಿಸಿ, ವೈಫೈ ಆಫ್ ಮಾಡಿ, ಅದೇ ಪಿಂಗ್ ಮತ್ತೆ ಓಡಿಸಿ. ತೊಂದರೆ ಮಾಯವಾದರೆ ಹೊರಗಿನ ಲೈನ್ ಬಗ್ಗೆ ಇನ್ನು ಯೋಚಿಸಬೇಕಿಲ್ಲ. ಈ ಒಂದು ಪರೀಕ್ಷೆ ಮಾಡದೆ ಕಂಪನಿಗೆ ಫೋನ್ ಮಾಡುವವರೇ ಜಾಸ್ತಿ. ಅವರು ಬಂದು ಕೇಬಲ್ ಹಾಕಿ ತೋರಿಸಿ "ಲೈನ್ ಸರಿ ಇದೆ" ಅಂತ ಹೇಳಿ ಹೋಗುತ್ತಾರೆ. ಅವರ ಮಾತೂ ನಿಜ, ನಿಮ್ಮ ಕಷ್ಟವೂ ನಿಜ.

ವೈಫೈನಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಉಳಿದವರು ಕಾಯಬೇಕು. ಪಕ್ಕದ ಮನೆಯ ರೂಟರ್ ಅದೇ ಚಾನೆಲ್‌ನಲ್ಲಿದ್ದರೆ ಅದಕ್ಕೂ ಕಾಯಬೇಕು. ಸಿಗ್ನಲ್ ಸೋತರೆ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಪ್ರತಿ ಸಲವೂ ತಡ ಬೆಳೆಯುತ್ತದೆ.

ದುಡ್ಡಿಲ್ಲದೆ ಆಗುವ ಕೆಲಸಗಳಿಂದ ಶುರು ಮಾಡಿ. ರೂಟರ್ ಕಬ್ಬಿಣದ ಬೀರುವಿನ ಹಿಂದೆ, ಫ್ರಿಜ್ ಪಕ್ಕ, ದೊಡ್ಡ ಕನ್ನಡಿಯ ಹಿಂದೆ, ನೀರಿನ ತೊಟ್ಟಿಯ ಹತ್ತಿರ ಇದ್ದರೆ ತೆಗೆಯಿರಿ. ಲೋಹವೂ ನೀರೂ ಸಿಗ್ನಲ್ ತಡೆಯುತ್ತವೆ. ಮನೆಯ ನಡುಭಾಗದಲ್ಲಿ, ಎದೆ ಮಟ್ಟಕ್ಕೋ ಅದಕ್ಕಿಂತ ಮೇಲೋ, ಬಯಲಾಗಿ ಇಡಿ. ಫೋನ್‌ನ ವೈಫೈ ಅನಲೈಸರ್ ಆ್ಯಪ್ ಸಿಗ್ನಲ್ ಅನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಅದು ಮೈನಸ್ ಅಂಕಿ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ನೀವು ಕಾಲ್ ಮಾಡುವ ಜಾಗದಲ್ಲಿ ಮೈನಸ್ 67 ಅಥವಾ ಅದಕ್ಕಿಂತ ಚೆನ್ನಾಗಿ ಬರಲಿ. ಮೈನಸ್ 80 ತೋರಿಸುವ ಕೋಣೆಯಲ್ಲಿ ಯಾವ ಸೆಟ್ಟಿಂಗ್ ಬದಲಿಸಿದರೂ ದೊಡ್ಡ ಲಾಭವಿಲ್ಲ.

ಮುಂದಿನದು ಬ್ಯಾಂಡ್. ಹೆಚ್ಚಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ವೈಫೈ ಕೊಡುತ್ತವೆ. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಆದರೆ ಅಲ್ಲಿ ಗದ್ದಲ ಜಾಸ್ತಿ. ಅಕ್ಕಪಕ್ಕದವರ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ. ಒಲೆ ಆನ್ ಆದಾಗಲೇ ಕಾಲ್ ಕಟ್ ಆಗುತ್ತಿದ್ದರೆ ಕಾರಣ ಇದೇ, ಅದು ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಕಾಲ್ ಮತ್ತು ಗೇಮ್‌ಗೆ 5 ಗಿಗಾಹರ್ಟ್ಸ್ ಬಳಸಿ. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟರೆ ಯಾವುದಕ್ಕೆ ಸೇರಿದ್ದೀರಿ ಅಂತ ಕಣ್ಣಿಗೆ ಕಾಣುತ್ತದೆ. 2.4 ಬಳಸಲೇಬೇಕಾದರೆ ಚಾನೆಲ್ 1, 6, 11 ಈ ಮೂರರಲ್ಲಿ ಒಂದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ನಡುವಿನ 3 ಅಥವಾ 8 ಹಾಕಿದರೆ ಎರಡೂ ಬದಿಯವರಿಗೆ ತೊಂದರೆ ಕೊಟ್ಟು ನೀವೂ ತೊಂದರೆ ಪಡುತ್ತೀರಿ.

ಲ್ಯಾಪ್‌ಟಾಪ್‌ಗೆ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಸಿಕ್ಕಿಸಿದಾಗ ಮಾತ್ರ ವೈಫೈ ಕೆಡುತ್ತದೆ ಅನ್ನುವವರಿದ್ದಾರೆ. ಅದು ಭ್ರಮೆ ಅಲ್ಲ. ಯುಎಸ್‌ಬಿ 3.0 ಸಂಪರ್ಕ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತದೆ ಅಂತ 2012ರಲ್ಲೇ ಇಂಟೆಲ್ ಕಂಪನಿ ದಾಖಲಿಸಿದೆ. ಡಿಸ್ಕನ್ನು ದೂರ ಸರಿಸಿ ಅಥವಾ 5 ಗಿಗಾಹರ್ಟ್ಸ್‌ಗೆ ಬನ್ನಿ.

ಪಿಂಗ್ ಸರಿಯಾಗಿ ಒಂದೇ ಅಂತರಕ್ಕೆ, ಗಡಿಯಾರ ಬಡಿದ ಹಾಗೆ, ಜಿಗಿಯುತ್ತಿದೆಯಾ? ಆಗ ನೋಡಬೇಕಾದ್ದು ನಿಮ್ಮ ಲ್ಯಾಪ್‌ಟಾಪನ್ನು. ಸುತ್ತಮುತ್ತ ಬೇರೆ ವೈಫೈ ಇದೆಯಾ ಅಂತ ಅದು ಆಗಾಗ ಹುಡುಕುತ್ತದೆ. ಆ ಗಳಿಗೆ ನಿಮ್ಮ ಚಾನೆಲ್ ಬಿಟ್ಟು ಹೊರಗಿರುತ್ತದೆ. ವೈಫೈ ಡ್ರೈವರ್ ಅಪ್‌ಡೇಟ್ ಮಾಡಿ, ವಿದ್ಯುತ್ ಉಳಿಸುವ ಸೆಟ್ಟಿಂಗ್ ತೆಗೆದು ನೋಡಿ. ಮ್ಯಾಕ್‌ನಲ್ಲಾದರೆ ಏರ್‌ಡ್ರಾಪ್ ಆಫ್ ಮಾಡಿ ನೋಡಿ.

ಇನ್ನು ರಿಪೀಟರ್. ಅಗ್ಗವಾಗಿ ಸಿಗುತ್ತದೆ, ಸಿಗ್ನಲ್ ಕಡ್ಡಿಗಳನ್ನು ತುಂಬಿಸುತ್ತದೆ. ಆದರೆ ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವ ರಿಪೀಟರ್ ಪ್ರತಿ ಪ್ಯಾಕೆಟ್‌ಗೂ ಗಾಳಿಯಲ್ಲಿ ಎರಡು ಪಟ್ಟು ಹೊತ್ತು ತಿನ್ನುತ್ತದೆ. ಪುಟ ಓದಲು, ಸಿನಿಮಾ ನೋಡಲು ಪರವಾಗಿಲ್ಲ. ತಡ ಕಡಿಮೆ ಮಾಡಲು ಅಂತ ಅದನ್ನು ಕೊಳ್ಳಬೇಡಿ. ಖರ್ಚು ಮಾಡುವುದಾದರೆ ಒಳಗಿನ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ, ಅದರ ತುದಿಗೆ ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲ್‌ನಿಂದ ವೈಫೈ ಹೊರಡಿಸುವ ಪೆಟ್ಟಿಗೆ, ಹಾಕಿ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೂ 1 ಗಿಗಾಬಿಟ್ ಒಯ್ಯುತ್ತದೆ. ಯಾವ ಮನೆಗೂ ಅದು ಧಾರಾಳ. ಗೋಡೆ ಕೊರೆಯುವ ಮುಂಚೆ ಒಳಗೆ ಕರೆಂಟ್ ವೈರ್ ಎಲ್ಲಿ ಹೋಗಿದೆ ಅಂತ ತಿಳಿದುಕೊಳ್ಳಿ. ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

## "ಒಮ್ಮೊಮ್ಮೆ ಚೆನ್ನಾಗಿರುತ್ತದೆ, ಇದ್ದಕ್ಕಿದ್ದ ಹಾಗೆ ಎಲ್ಲರ ನೆಟ್ಟೂ ಒಟ್ಟಿಗೆ ನಿಲ್ಲುತ್ತದೆ"

ಈ ಲಕ್ಷಣ ನನ್ನ ಮನೆಯಲ್ಲೇ ತಿಂಗಳುಗಟ್ಟಲೆ ಕಾಡಿತ್ತು. ಸಂಜೆ ಕಾಲ್ ಶುರುವಾಗಿ ಹತ್ತು ನಿಮಿಷಕ್ಕೆ ದನಿ ಒಡೆಯುತ್ತಿತ್ತು. ಅರ್ಧ ಗಂಟೆ ಕಳೆದರೆ ತಾನಾಗಿ ಸರಿಹೋಗುತ್ತಿತ್ತು. ಪಿಂಗ್ ಓಡಿಸಿಟ್ಟು ಕಾದು ಕೂತೆ. 18, 19, 18 ಅಂತ ಬರುತ್ತಿದ್ದದ್ದು ಒಮ್ಮೆಲೇ 700 ದಾಟಿತು. ಅದೇ ಹೊತ್ತಿಗೆ ಮನೆಯವರೊಬ್ಬರು ಫೋನನ್ನು ಚಾರ್ಜ್‌ಗೆ ಹಾಕಿದ್ದರು. ಚಾರ್ಜ್‌ಗೆ ಹಾಕಿದ ಕೂಡಲೇ ಅದು ಆ ದಿನದ ಫೋಟೋ, ವಿಡಿಯೋಗಳನ್ನೆಲ್ಲ ಬ್ಯಾಕಪ್ ಮಾಡಲು ಶುರು ಮಾಡುತ್ತಿತ್ತು. ಚಾರ್ಜರ್ ತೆಗೆಸಿದೆ. ಅಂಕಿ 18ಕ್ಕೆ ಇಳಿಯಿತು. ಅಷ್ಟು ದಿನ ನಾನು ರೂಟರ್ ಮೇಲೂ ಲೈನ್ ಮೇಲೂ ಅನುಮಾನ ಪಟ್ಟಿದ್ದೆ.

ಆಗುವುದು ಇಷ್ಟು. ಮನೆಯೊಳಗಿನ ವೈಫೈ ವೇಗವಾಗಿರುತ್ತದೆ, ಹೊರಗೆ ಹೋಗುವ ಅಪ್‌ಲೋಡ್ ದಾರಿ ಕಿರಿದಾಗಿರುತ್ತದೆ. ಫೋನ್ ಸುರಿದದ್ದೆಲ್ಲ ರೂಟರ್ ಅಥವಾ ಮೋಡೆಮ್‌ನ ಬಫರ್‌ನಲ್ಲಿ, ಅಂದರೆ ಕಳಿಸುವ ಮುಂಚೆ ತುಂಬಿಟ್ಟುಕೊಳ್ಳುವ ಮೆಮೊರಿಯಲ್ಲಿ, ಸಾಲು ನಿಲ್ಲುತ್ತದೆ. ನಿಮ್ಮ ದನಿಯ ಪುಟ್ಟ ಪ್ಯಾಕೆಟ್ ಬಂದಾಗ ಮುಂದೆ ಫೋಟೋಗಳ ದೊಡ್ಡ ಸಾಲೇ ಇರುತ್ತದೆ. ಅದೂ ಕೊನೆಗೆ ನಿಲ್ಲಬೇಕು. ಲೆಕ್ಕ ಹಾಕಿ ನೋಡಿ. ಅಪ್‌ಲೋಡ್ 10 ಎಂಬಿಪಿಎಸ್ ಇದೆ, ಬಫರ್‌ನಲ್ಲಿ 1 ಮೆಗಾಬೈಟ್ ತುಂಬಿದೆ ಅಂತಿಟ್ಟುಕೊಳ್ಳಿ. 1 ಮೆಗಾಬೈಟ್ ಅಂದರೆ 8 ಮೆಗಾಬಿಟ್. ಅದು ಖಾಲಿ ಆಗಲು 0.8 ಸೆಕೆಂಡ್, ಅಂದರೆ 800 ಮಿಲಿಸೆಕೆಂಡ್ ಬೇಕು. ಲೈನ್ ಕೆಟ್ಟಿಲ್ಲ, ಸಿಗ್ನಲ್ ಸೋತಿಲ್ಲ, ಒಂದು ಪ್ಯಾಕೆಟ್ಟೂ ಕಳೆದಿಲ್ಲ. ಆದರೂ ಮುಕ್ಕಾಲು ಸೆಕೆಂಡಿಗಿಂತ ಜಾಸ್ತಿ ತಡ.

ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು. 2010ರಲ್ಲಿ ಜಿಮ್ ಗೆಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯ ಲೈನ್‌ನಲ್ಲೇ ಇದನ್ನು ಕಂಡು, ಬೆನ್ನು ಹತ್ತಿ, ಜಗತ್ತಿನ ಗಮನಕ್ಕೆ ತಂದರು. ಮೆಮೊರಿ ಅಗ್ಗವಾದ ಮೇಲೆ ತಯಾರಕರು ಬಫರ್‌ಗಳನ್ನು ದೊಡ್ಡದು ಮಾಡುತ್ತಾ ಹೋದರು. ಒಂದು ಪ್ಯಾಕೆಟ್ಟೂ ಬಿಸಾಡಬಾರದು ಅನ್ನುವುದು ಅವರ ಉದ್ದೇಶ. ಆದರೆ ಕಳಿಸುವ ಕಂಪ್ಯೂಟರ್‌ಗೆ ದಾರಿ ತುಂಬಿದೆ ಅಂತ ಗೊತ್ತಾಗುವುದೇ ಪ್ಯಾಕೆಟ್ ಕಳೆದಾಗ. ಏನೂ ಕಳೆಯದಿದ್ದರೆ ಅದು ಸುರಿಯುತ್ತಲೇ ಇರುತ್ತದೆ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ವಿಧಾನ ಕೊಟ್ಟರು. ಸಾಲು ಎಷ್ಟು ಉದ್ದ ಇದೆ ಅಂತ ಅದು ನೋಡುವುದಿಲ್ಲ. ಒಂದೊಂದು ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅಂತ ನೋಡುತ್ತದೆ. ಕಾಯುವ ಹೊತ್ತು 5 ಮಿಲಿಸೆಕೆಂಡ್ ಮೀರಿ ಹಾಗೇ ಉಳಿದರೆ ಒಂದೊಂದಾಗಿ ಪ್ಯಾಕೆಟ್ ಬಿಸಾಡಿ ಕಳಿಸುವವರಿಗೆ ಸುಳಿವು ಕೊಡುತ್ತದೆ. ಇದರ ಮುಂದಿನ ರೂಪ ಎಫ್‌ಕ್ಯೂ ಕೋಡೆಲ್. ಅದು ಪ್ರತಿ ಬಳಕೆಗೂ ಬೇರೆ ಸಾಲು ಮಾಡುವುದರಿಂದ ನಿಮ್ಮ ದನಿ ಫೋಟೋಗಳ ಹಿಂದೆ ಸಿಕ್ಕಿಬೀಳುವುದಿಲ್ಲ.

ಪತ್ತೆ ಮಾಡುವುದು ಸುಲಭ. ಮೂರನೆಯ ಪಿಂಗ್‌ನಲ್ಲಿ ನೀವು ಬರೆದುಕೊಂಡ ಅಂಕಿ ನೋಡಿ. ಸುಮ್ನೆ ಇದ್ದಾಗ 20 ಇದ್ದದ್ದು ಭಾರ ಹಾಕಿದಾಗ 40 ಆದರೆ ಚಿಂತೆಯಿಲ್ಲ. 200 ಆದರೆ ಕಾಲ್‌ಗೆ ತೊಂದರೆ. 500 ದಾಟಿದರೆ ನಿಮ್ಮ ರೋಗ ಇದೇ. ಫಾಸ್ಟ್ ಡಾಟ್ ಕಾಮ್ ತಾಣದಲ್ಲಿ ಪರೀಕ್ಷೆ ಮುಗಿದ ಮೇಲೆ ಹೆಚ್ಚಿನ ಮಾಹಿತಿ ಒತ್ತಿದರೆ ಭಾರವಿಲ್ಲದ ತಡ ಮತ್ತು ಭಾರವಿರುವ ತಡ ಎರಡನ್ನೂ ತೋರಿಸುತ್ತದೆ.

ಮದ್ದಿನಲ್ಲಿ ಮೊದಲನೆಯದಕ್ಕೆ ಖರ್ಚೇ ಇಲ್ಲ. ಯಾರು ಸುರಿಯುತ್ತಿದ್ದಾರೆ ಅಂತ ಹುಡುಕಿ. ಫೋಟೋ ಬ್ಯಾಕಪ್, ಕ್ಲೌಡ್ ಫೋಲ್ಡರ್, ಇಡೀ ದಿನ ವಿಡಿಯೋ ಕಳಿಸುವ ಸಿಸಿಟಿವಿ ಕ್ಯಾಮೆರಾ, ಗೇಮ್ ಅಪ್‌ಡೇಟ್, ಟೊರೆಂಟ್. ವಿಂಡೋಸ್‌ನಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಅಂತ ಒಂದಿದೆ. ಅದು ನಿಮ್ಮ ಲೈನ್‌ನಿಂದ ಬೇರೆಯವರಿಗೂ ಅಪ್‌ಡೇಟ್ ಹಂಚಬಲ್ಲದು, ಅದನ್ನು ಆಫ್ ಮಾಡಬಹುದು. ಬ್ಯಾಕಪ್‌ಗಳನ್ನು ರಾತ್ರಿಗೆ ಹಾಕಿ, ಅಪ್‌ಲೋಡ್‌ಗೆ ಮಿತಿ ಇಡಿ.

ಅದು ಸಾಲದಿದ್ದರೆ ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ, ಸ್ಮಾರ್ಟ್ ಕ್ಯೂ ಅಥವಾ ಕ್ಯೂಒಎಸ್ ಅನ್ನುವ ಆಯ್ಕೆ ಇದೆಯಾ ನೋಡಿ. ಅಲ್ಲಿ ಡೌನ್‌ಲೋಡ್ ಮತ್ತು ಅಪ್‌ಲೋಡ್ ವೇಗ ಕೇಳುತ್ತದೆ. ನಿಮಗೆ ನಿಜವಾಗಿ ಸಿಗುವ ವೇಗ ಅಳೆದು, ಅದರ ಶೇಕಡಾ 85ರಿಂದ 95ರಷ್ಟು ತುಂಬಿ. ಇರುವುದಕ್ಕಿಂತ ಕಡಿಮೆ ಯಾಕೆ ಅಂತ ಅನ್ನಿಸುತ್ತದೆ. ಕಾರಣ ಇದು: ಸಾಲು ಎಲ್ಲೋ ಹೊರಗಿನ ದೊಡ್ಡ ಬಫರ್‌ನಲ್ಲಿ ನಿಲ್ಲಬಾರದು, ಜಾಣತನದಿಂದ ಸಾಲು ನಡೆಸಬಲ್ಲ ನಿಮ್ಮ ರೂಟರ್‌ನಲ್ಲೇ ನಿಲ್ಲಬೇಕು. ಸ್ವಲ್ಪ ಸ್ಪೀಡ್ ಬಿಟ್ಟುಕೊಟ್ಟು ತಡ ಇಳಿಸಿಕೊಳ್ಳುವ ಈ ಕೊಡುಕೊಳ್ಳುವಿಕೆ ನನ್ನ ಮಟ್ಟಿಗೆ ಯಾವತ್ತೂ ಲಾಭದ್ದೇ. ಹಳೆಯ ರೂಟರ್‌ನ ಪ್ರೊಸೆಸರ್‌ಗೆ ತುಂಬಾ ವೇಗದ ಲೈನ್‌ನಲ್ಲಿ ಇಷ್ಟು ಕೆಲಸ ಹೊರಲು ಆಗದೇ ಇರಬಹುದು. ಆನ್ ಮಾಡಿದ ಮೇಲೆ ಸ್ಪೀಡ್ ಅರ್ಧಕ್ಕಿಳಿದರೆ ಅದರ ಅರ್ಥ ಅದೇ. ಹೊಸ ರೂಟರ್ ಕೊಳ್ಳಲು ಇದು ಸರಿಯಾದ ಕಾರಣ. ಅದರ ಮೇಲೆ ಎಷ್ಟು ಆಂಟೆನಾ ಇದೆ ಅಂತ ನೋಡಬೇಡಿ, ಎಸ್‌ಕ್ಯೂಎಂ ಇದೆಯಾ ಅಂತ ಕೇಳಿ.

## "ಪುಟ ತೆರೆಯುವ ಮುಂಚೆ ಎರಡು ಸೆಕೆಂಡ್ ಖಾಲಿ, ಆಮೇಲೆ ಸರ್ರನೆ ಬರುತ್ತದೆ"

ಮೊದಲ ಅನುಮಾನ ಡಿಎನ್‌ಎಸ್ ಮೇಲೆ. ತಾಣದ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ ಅದು. ಅದು ತಡ ಮಾಡಿದರೆ ಹೊಸ ತಾಣಗಳು ತಡವಾಗಿ ತೆರೆಯುತ್ತವೆ, ಈಗಷ್ಟೇ ನೋಡಿದ ತಾಣ ಬೇಗ ತೆರೆಯುತ್ತದೆ. ರೂಟರ್‌ನಲ್ಲಿ ಅಥವಾ ಸಾಧನದಲ್ಲಿ ಡಿಎನ್‌ಎಸ್ ವಿಳಾಸವನ್ನು 1.1.1.1 ಅಥವಾ 8.8.8.8ಕ್ಕೆ ಬದಲಿಸಿ ನೋಡಿ. ಹಳೆಯ ಅಂಕಿ ಬರೆದಿಟ್ಟುಕೊಂಡಿರಿ. ಲಾಭ ಕಾಣದಿದ್ದರೆ ವಾಪಸ್ ಹಾಕಿ. ಡಿಎನ್‌ಎಸ್ ಬದಲಿಸಿದರೆ ಗೇಮ್‌ನ ಪಿಂಗ್ ಇಳಿಯುತ್ತದೆ ಅನ್ನುವ ಮಾತನ್ನು ನಂಬಬೇಡಿ. ವಿಳಾಸ ಸಿಕ್ಕ ಮೇಲೆ ಡಿಎನ್‌ಎಸ್‌ಗೆ ಅಲ್ಲಿ ಕೆಲಸವಿಲ್ಲ.

ಡಿಎನ್‌ಎಸ್ ಸರಿ ಇದ್ದೂ ಹೀಗಾದರೆ ಲೇಟೆನ್ಸಿಯೇ ಕಾರಣ. ಒಂದು ಪುಟದ ಮೊದಲ ಅಕ್ಷರ ಬರುವ ಮುಂಚೆ ಹಲವು ಸಲ ಹೋಗಿ ಬರಬೇಕು. ವಿಳಾಸ ಕೇಳಲು ಒಂದು ಸಲ, ಸಂಪರ್ಕ ಕಟ್ಟಲು ಒಂದು ಸಲ, ಬೀಗ ಹಾಕಿದ ಸಂಪರ್ಕಕ್ಕೆ ಒಂದೆರಡು ಸಲ, ಪುಟ ಕೇಳಲು ಒಂದು ಸಲ. ಸಲಕ್ಕೆ 20 ಮಿಲಿಸೆಕೆಂಡ್ ಆದರೆ ಗೊತ್ತೇ ಆಗುವುದಿಲ್ಲ. 250 ಆದರೆ ನಾಲ್ಕು ಸಲಕ್ಕೆ ಒಂದು ಸೆಕೆಂಡ್ ಹೋಯಿತು. ದೊಡ್ಡ ಪ್ಲಾನ್ ಹಾಕಿಸಿದರೂ ಪುಟ ತಡವಾಗುವುದು ಇದಕ್ಕೇ.

## "ಒಂದೇ ಗೇಮ್, ಒಂದೇ ಸರ್ವರ್ ಮಾತ್ರ ತಡ"

ಸರ್ವರ್ ಎಲ್ಲಿದೆ ನೋಡಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಪ್ರತಿ 100 ಕಿಲೋಮೀಟರ್ ದೂರಕ್ಕೆ ಹೋಗಿ ಬರಲು 1 ಮಿಲಿಸೆಕೆಂಡ್. 7,000 ಕಿಲೋಮೀಟರ್ ಆಚೆಯ ಸರ್ವರ್‌ಗೆ 70 ಮಿಲಿಸೆಕೆಂಡ್‌ಗಿಂತ ಕಡಿಮೆ ಪಿಂಗ್ ಯಾರಿಂದಲೂ ತರಲಾಗದು. ಕೇಬಲ್‌ಗಳು ನೇರ ಗೆರೆಯಲ್ಲಿ ಹೋಗುವುದಿಲ್ಲವಾದ್ದರಿಂದ ನಿಜದಲ್ಲಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಹತ್ತಿರದ ಪ್ರದೇಶ ಆರಿಸಿ. ವಿಪಿಎನ್ ಹಾಕಿದ್ದರೆ ತೆಗೆದು ನೋಡಿ. ಪಿಂಗ್ ಇಳಿಸುವುದಾಗಿ ಹೇಳಿ ದುಡ್ಡು ಕೇಳುವ ಆ್ಯಪ್‌ಗಳು ದೂರವನ್ನು ಕಡಿಮೆ ಮಾಡಲಾರವು. ನಿಮ್ಮ ಕಂಪನಿಯ ದಾರಿ ಸುತ್ತಿ ಬಳಸಿ ಹೋಗುತ್ತಿದ್ದರೆ ಮಾತ್ರ ಬೇರೆ ದಾರಿಯಿಂದ ಲಾಭ ಆಗಬಹುದು.

ಮಾತುಕತೆಗೆ ಎಷ್ಟು ತಡ ತಡೆದುಕೊಳ್ಳಬಹುದು? ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಒಳಗಿದ್ದರೆ ಹೆಚ್ಚಿನವರಿಗೆ ಸರಾಗ ಅಂತ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಹಾಗಾಗಿ ದೂರದ ಊರಿಗೆ 120 ಪಿಂಗ್ ಇದೆ ಅಂತ ಗಾಬರಿ ಬೇಡ.

ಉಪಗ್ರಹ ಇಂಟರ್ನೆಟ್ ಇರುವವರಿಗೂ ಇದೇ ಲೆಕ್ಕ. ಭೂಸ್ಥಿರ ಉಪಗ್ರಹ 35,786 ಕಿಲೋಮೀಟರ್ ಎತ್ತರದಲ್ಲಿದೆ. ಕೇಳಿದ್ದು ಮೇಲೆ ಹೋಗಿ ಕೆಳಗೆ ಬಂದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗೆ ಬರಲು ಬೆಳಕಿಗೇ ಅರ್ಧ ಸೆಕೆಂಡಿನಷ್ಟು ಬೇಕು. ಅಲ್ಲಿ ಡಿಶ್ ತಿರುಗಿಸಿ, ರೂಟರ್ ಬದಲಿಸಿ ಪ್ರಯೋಜನವಿಲ್ಲ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಈ ತೊಂದರೆ ಅಷ್ಟಿಲ್ಲ.

## "ಕೇಬಲ್ ಹಾಕಿದರೂ ಕೆಡುತ್ತದೆ, ಯಾರೂ ಬಳಸದಿದ್ದರೂ ಕೆಡುತ್ತದೆ"

ಈಗ ಲೈನ್ ಕಡೆ ನೋಡಬೇಕು. ಮೊದಲು ಮೋಡೆಮ್ ಮತ್ತು ರೂಟರ್ ಎರಡನ್ನೂ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಸರಿಹೋಗಿ ಒಂದೆರಡು ದಿನಕ್ಕೆ ಮತ್ತೆ ಕೆಟ್ಟರೆ ರೂಟರ್ ಬಿಸಿಯಾಗುತ್ತಿದೆಯಾ, ಅದರ ಅಡಾಪ್ಟರ್ ಸೋತಿದೆಯಾ ನೋಡಿ. ಅಡಾಪ್ಟರ್ ಬದಲಿಸುವಾಗ ಮೇಲೆ ಬರೆದಿರುವ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು, ಪಿನ್ನಿನ ಪ್ಲಸ್ ಮೈನಸ್ ಗುರುತೂ ಹೊಂದಬೇಕು. ಉಬ್ಬಿದ, ಸುಟ್ಟ ವಾಸನೆ ಬರುವ ಅಡಾಪ್ಟರನ್ನು ಬಿಚ್ಚಲು ಹೋಗಬೇಡಿ. ಮೇನ್ ಸ್ವಿಚ್ ಆಫ್ ಮಾಡಿ ತೆಗೆದು, ಬಿಸಾಡಿ.

ಫೈಬರ್ ಲೈನ್ ಆದರೆ ಗೋಡೆಯಿಂದ ಬರುವ ಸಣ್ಣ ತಂತಿ ಎಲ್ಲಾದರೂ ಮಡಚಿದೆಯಾ, ಮೇಜಿನ ಕಾಲಡಿ ಸಿಕ್ಕಿದೆಯಾ ನೋಡಿ. ಬಿಗಿಯಾಗಿ ಸುತ್ತಿಟ್ಟರೂ ಬೆಳಕು ಸೋರುತ್ತದೆ. ಫೈಬರ್ ಬಂದು ಸೇರುವ ಪೆಟ್ಟಿಗೆಯಲ್ಲಿ ಎಲ್‌ಒಎಸ್ (LOS) ಅಂತ ಬರೆದ ದೀಪ ಕೆಂಪಗೆ ಉರಿಯುತ್ತಿದ್ದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಪೆಟ್ಟಿಗೆಯ ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಒಳಬರುವ ಬೆಳಕಿನ ಬಲ) ಅಂತ ಅಂಕಿ ಇದ್ದರೆ ನೋಡಿ. ಜಿಪಾನ್ ಎಂಬ ಸಾಮಾನ್ಯ ಬಗೆಯ ಮನೆ ಫೈಬರ್ ಲೈನ್‌ನಲ್ಲಿ ಅದು ಮೈನಸ್ 8 ಮತ್ತು ಮೈನಸ್ 27 ಡಿಬಿಎಂ ನಡುವೆ ಇರಬೇಕು. ಮೈನಸ್ 27ರ ಅಂಚಿನಲ್ಲಿ ಇದ್ದರೆ ಆಗಾಗ ಕೆಡುವುದು ಖಚಿತ.

ಇಲ್ಲಿಗೆ ನಿಲ್ಲಿಸಿ. ಫೈಬರ್ ತುದಿಯನ್ನು ಬಿಚ್ಚಬೇಡಿ, ಒರೆಸಬೇಡಿ, ಬಿಚ್ಚಿದ ತುದಿಯೊಳಗೆ ಇಣುಕಿ ನೋಡಲೇಬೇಡಿ. ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಮುರಿದ ಗಾಜಿನ ಎಳೆ ಚರ್ಮದೊಳಗೆ ಹೊಕ್ಕರೆ ತೆಗೆಯುವುದು ಕಷ್ಟ, ಮಕ್ಕಳನ್ನು ದೂರ ಇಡಿ. ಕಂಬ ಹತ್ತುವುದು, ಹೊರಗೆ ಜೋತುಬಿದ್ದ ತಂತಿ ಮುಟ್ಟುವುದು ಎರಡೂ ಬೇಡ. ಪಕ್ಕದಲ್ಲೇ ಕರೆಂಟ್ ತಂತಿ ಇರಬಹುದು. ಗುಡುಗು ಮಿಂಚು ಶುರುವಾಗುವ ಮುಂಚೆಯೇ ರೂಟರ್‌ನ ಪ್ಲಗ್ ತೆಗೆಯಿರಿ. ತಾಮ್ರದ ಟೆಲಿಫೋನ್ ಅಥವಾ ಕೇಬಲ್ ಲೈನ್ ಆಗಿದ್ದರೆ ಅದನ್ನೂ ಬಿಡಿಸಿ. ಸಿಡಿಲು ಆ ದಾರಿಯಿಂದಲೂ ಒಳಗೆ ಬರುತ್ತದೆ. ಮಿಂಚುತ್ತಿರುವಾಗ ಯಾವುದನ್ನೂ ಮುಟ್ಟಬೇಡಿ.

ಸೂಜಿ ಚುಚ್ಚಿ ಒತ್ತುವ ರೀಸೆಟ್ ಗುಂಡಿಯ ಬಗ್ಗೆಯೂ ಹುಷಾರು. ಅದು ಬರೀ ರೀಸ್ಟಾರ್ಟ್ ಅಲ್ಲ. ಲೈನ್‌ಗೆ ಲಾಗಿನ್ ಆಗುವ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತದೆ. ಅವು ನಿಮ್ಮ ಬಳಿ ಬರೆದಿಟ್ಟಿಲ್ಲದಿದ್ದರೆ ತಡವಾಗಿ ಬರುತ್ತಿದ್ದ ನೆಟ್ ಪೂರ್ತಿ ನಿಂತೇಹೋಗುತ್ತದೆ. ಫರ್ಮ್‌ವೇರ್ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಬಾರದು, ಯುಪಿಎಸ್ ಇದ್ದರೆ ಅದಕ್ಕೆ ಸಿಕ್ಕಿಸಿಕೊಂಡು ಮಾಡಿ.

## "ಸಂಜೆ ಏಳರಿಂದ ಹತ್ತರವರೆಗೆ ಮಾತ್ರ, ದಿನಾ"

ನಿಮ್ಮ ಮನೆಯಲ್ಲಿ ಭಾರವಿಲ್ಲ, ಕೇಬಲ್ ಹಾಕಿದ್ದೀರಿ, ಆದರೂ ಎಲ್ಲರೂ ಮನೆಗೆ ಬಂದ ಹೊತ್ತಿಗೆ ಪಿಂಗ್ ಏರಿ ರಾತ್ರಿ ಇಳಿಯುತ್ತದೆ. ಹಾಗಾದರೆ ಕ್ಯೂ ಹೊರಗಿದೆ. ಬೀದಿಯವರೆಲ್ಲ ಹಂಚಿಕೊಂಡ ಲೈನೋ, ಕಂಪನಿಯಿಂದ ಮುಂದಿನ ಕೊಂಡಿಯೋ ತುಂಬಿದೆ.

ಎಲ್ಲಿ ಅಂತ ನೋಡಲು ಟ್ರೇಸ್‌ರೂಟ್ ಓಡಿಸಿ. ವಿಂಡೋಸ್‌ನಲ್ಲಿ ಟಿ, ಆರ್, ಎ, ಸಿ, ಇ, ಆರ್, ಟಿ ಅಂತ ಟೈಪ್ ಮಾಡಿ ವಿಳಾಸ ಹಾಕಬೇಕು. ದಾರಿಯಲ್ಲಿರುವ ಒಂದೊಂದು ರೂಟರ್‌ಗೂ ಒಂದೊಂದು ಸಾಲು ಬರುತ್ತದೆ. ಮೊದಲನೆಯದು ನಿಮ್ಮದು. ಎರಡನೆಯದು ಸಾಮಾನ್ಯವಾಗಿ ಕಂಪನಿಯದು. ಇದನ್ನು ಓದುವಾಗ ಬಹಳ ಜನ ಎಡವುತ್ತಾರೆ. ನಡುವಿನ ಒಂದು ಸಾಲಿನಲ್ಲಿ 300 ಬಂದು, ಅದರ ಮುಂದಿನ ಸಾಲುಗಳಲ್ಲಿ 25 ಇದ್ದರೆ ಅಲ್ಲಿ ದೋಷವಿಲ್ಲ. ಆ ರೂಟರ್ ತನ್ನ ಮುಖ್ಯ ಕೆಲಸ ಮುಗಿಸಿ ನಿಧಾನಕ್ಕೆ ನಿಮಗೆ ಉತ್ತರ ಕೊಟ್ಟಿದೆ ಅಷ್ಟೇ. ನಕ್ಷತ್ರ ಚಿಹ್ನೆ ಬಂದರೂ ಹಾಗೇ, ಕೆಲವು ರೂಟರ್‌ಗಳು ಉತ್ತರವನ್ನೇ ಕೊಡುವುದಿಲ್ಲ. ಒಂದು ಸಾಲಿನಿಂದ ಶುರುವಾಗಿ ಕೊನೆಯವರೆಗೂ ಅಂಕಿ ಏರಿಯೇ ಉಳಿದರೆ ಮಾತ್ರ ಆ ಸಾಲಿನ ಆಸುಪಾಸಿನಲ್ಲಿ ಹುಡುಕಬೇಕು.

ಕಂಪನಿಗೆ "ನೆಟ್ ಸ್ಲೋ" ಅಂತ ಹೇಳಿದರೆ ಅವರು ಸ್ಪೀಡ್ ಟೆಸ್ಟ್ ಮಾಡಿಸಿ ಕಳಿಸಿಬಿಡುತ್ತಾರೆ. ಹೀಗೆ ಹೇಳಿ: "ಲ್ಯಾನ್ ಕೇಬಲ್ ಹಾಕಿ, ಬೇರೆ ಎಲ್ಲ ಸಾಧನ ತೆಗೆದು ನೋಡಿದ್ದೇನೆ. ರೂಟರ್‌ಗೆ 1 ಮಿಲಿಸೆಕೆಂಡ್ ಇದೆ. ನಿಮ್ಮ ಮೊದಲ ಹಾಪ್‌ಗೆ, ಅಂದರೆ ಟ್ರೇಸ್‌ರೂಟ್‌ನ ಎರಡನೆಯ ಸಾಲಿಗೆ, ಬೆಳಗ್ಗೆ ಹೊತ್ತು 6 ಮಿಲಿಸೆಕೆಂಡ್, ಸಂಜೆ ಏಳರ ಮೇಲೆ 180 ಮಿಲಿಸೆಕೆಂಡ್. ನೂರಕ್ಕೆ ಮೂರು ಪ್ಯಾಕೆಟ್ ಕಳೆಯುತ್ತಿವೆ." ಮೂರು ನಾಲ್ಕು ದಿನದ ಅಂಕಿ, ಗಂಟೆ ಸಮೇತ ಬರೆದಿಟ್ಟು ದೂರಿನ ಜೊತೆ ಕಳಿಸಿ, ದೂರಿನ ನಂಬರ್ ಪಡೆಯಿರಿ. ರಿಪೇರಿಗೆ ಬಂದವರು ಬೆಳಗ್ಗೆ ಹನ್ನೊಂದಕ್ಕೆ ಪಿಂಗ್ ತೋರಿಸಿ ದೂರು ಮುಚ್ಚಿಸಲು ಓಟಿಪಿ ಕೇಳಿದರೆ ಕೊಡಬೇಡಿ. ಸಂಜೆ ಎಂಟಕ್ಕೆ, ಅದೇ ಕೇಬಲ್‌ನಲ್ಲಿ, ಅದೇ ವಿಳಾಸಕ್ಕೆ ಮತ್ತೊಮ್ಮೆ ಅಳೆದು ನೋಡಿ, ಆಮೇಲೆ ಕೊಡಿ.